ಮಗಳು ಪದೇ ಪದೇ "ಹಾ? ಏನಮ್ಮಾ?" ಅಂತಾಳೆ. ಹೆಡ್‌ಫೋನ್‌ನಿಂದ ಕಿವಿ ಹಾಳಾಗಿರಬಹುದಾ?

ಎರಡುಜಡೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳಿಗೆ 9 ವರ್ಷ. ಒಂದು ವರ್ಷದಿಂದ ಟ್ಯಾಬ್‌ನಲ್ಲಿ ಪಾಠ, ಕಥೆ, ಹಾಡು ಎಲ್ಲಾ ಹೆಡ್‌ಫೋನ್‌ನಲ್ಲೇ. ಮನೆಯಲ್ಲಿ ಕೈಕೂಸಿದೆ. ಅದು ಮಲಗಿದಾಗ ಸದ್ದಾಗಬಾರದು ಅಂತ ನಾನೇ ಈ ಅಭ್ಯಾಸ ಮಾಡಿಸಿದ್ದು. ಈಗ ಅದೇ ಚುಚ್ಚುತ್ತಿದೆ.

ಮೊನ್ನೆ ಬೆಳಿಗ್ಗೆ ಅವಳ ಹಿಂದೆ ಕೂತು ಜಡೆ ಹಾಕುತ್ತಿದ್ದೆ. ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು, "ಇನ್ನೊಂದು ರಿಬ್ಬನ್ ಎಲ್ಲಿಟ್ಟೆ?" ಅಂತ ಕೇಳಿದೆ. ಉತ್ತರವಿಲ್ಲ. ಟ್ಯಾಬ್ ಇಲ್ಲ, ಟಿವಿ ಇಲ್ಲ, ಮನೆಯಲ್ಲಿ ಒಂಚೂರೂ ಸದ್ದಿರಲಿಲ್ಲ. ಮತ್ತೆ ಕೇಳಿದೆ. ಊಹೂಂ. ಮುಂದೆ ಬಂದು ಮುಖ ನೋಡಿ ಕೇಳಿದಾಗ "ಮೇಜಿನ ಮೇಲಿದೆಯಲ್ಲಮ್ಮಾ" ಅಂದಳು, ಅದೇ ಮೊದಲ ಸಲ ಕೇಳಿಸಿಕೊಂಡವಳ ಹಾಗೆ.

ಸಂಜೆ ಅವಳು ಕಥೆ ಕೇಳುತ್ತಿದ್ದಾಗ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಬೆಚ್ಚಿಬಿದ್ದೆ. ಅಷ್ಟು ಜೋರು! ಆದರೆ ಅದು ಮಕ್ಕಳಿಗೆ ಅಂತಲೇ ತಂದ ಹೆಡ್‌ಫೋನ್. ಪೆಟ್ಟಿಗೆಯ ಮೇಲೆ "85 ಡೆಸಿಬಲ್, ಮಕ್ಕಳಿಗೆ ಸುರಕ್ಷಿತ" ಅಂತ ದಪ್ಪಕ್ಷರದಲ್ಲಿದೆ. ಅದನ್ನು ನಂಬಿಯೇ ನಾನು ವಾಲ್ಯೂಮ್ ಕಡೆ ನೋಡಲೇ ಇಲ್ಲ.

ಗೊತ್ತಿದ್ದವರು ಹೇಳಿ. ಕಿವಿ ಕೆಟ್ಟಿರಬಹುದಾ? ಹೆಡ್‌ಫೋನ್ ಪೂರ್ತಿ ಬಿಡಿಸಬೇಕಾ?

ಮೂರುದಾರಿ

ಅಕ್ಕ, ಗಾಬರಿಯಾಗಬೇಡಿ. ಮಕ್ಕಳು ತಮ್ಮ ಲೋಕದಲ್ಲಿದ್ದಾಗ ಪಕ್ಕದಲ್ಲಿ ಕರೆದರೂ ಓಗೊಡುವುದಿಲ್ಲ. ನನ್ನ ಮಗನೂ ಹಾಗೇ. ನಮ್ಮ ಕಾಲದಲ್ಲಿ ವಾಕ್‌ಮನ್ ಇತ್ತಲ್ವಾ? 1979ರಿಂದ ಜಗತ್ತೆಲ್ಲಾ ಕಿವಿಗೆ ಹಾಕಿಕೊಂಡೇ ಬಂದಿದೆ. ನಮ್ಮ ಕಿವಿ ಚೆನ್ನಾಗಿಯೇ ಇದೆ. ಪೆಟ್ಟಿಗೆ ಮೇಲೆ 85 ಅಂತ ಬರೆದಿದ್ದರೆ ಅಳತೆ ಮಾಡದೆ ಬರೆದಿರುವುದಿಲ್ಲ.

ಶಬ್ದದಂಗಡಿ

ನಾನು ಧ್ವನಿಮುದ್ರಣದ ಕೆಲಸ ಮಾಡುವವನು. ಇಪ್ಪತ್ತು ವರ್ಷದಿಂದ ದಿನವಿಡೀ ಕಿವಿಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡೇ ಬದುಕಿದ್ದೇನೆ. ನನ್ನ ಕಿವಿಯೇ ನನ್ನ ಅನ್ನ. ಅದಕ್ಕೇ ಆ 85ರ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೆಸಿಬಲ್ ಅಂದರೆ ಶಬ್ದ ಎಷ್ಟು ಜೋರು ಅಂತ ಅಳೆಯುವ ಲೆಕ್ಕ. 85 ಅನ್ನುವ ಆ ಸಂಖ್ಯೆ ಮಕ್ಕಳನ್ನು ನೋಡಿ ಹುಟ್ಟಿದ್ದಲ್ಲ. ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆ ದುಡಿಯುವ ದೊಡ್ಡವರಿಗಾಗಿ ಇಟ್ಟ ಗೆರೆ ಅದು. ಆ ಗೆರೆಯೊಳಗೇ ಇದ್ದರೂ ನಲವತ್ತು ವರ್ಷ ದುಡಿದವರಲ್ಲಿ ಕೆಲವರಿಗೆ ಕಿವಿ ಮಂದವಾಗುತ್ತದೆ ಅಂತ ಅದನ್ನು ಇಟ್ಟವರಿಗೇ ಗೊತ್ತಿತ್ತು. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೇರೆ: 75 ಡೆಸಿಬಲ್, ವಾರಕ್ಕೆ 40 ಗಂಟೆ. ದೊಡ್ಡವರಿಗೆ 80 ಡೆಸಿಬಲ್, ಅದೇ 40 ಗಂಟೆ.

75ಕ್ಕೂ 85ಕ್ಕೂ ಹತ್ತೇ ತಾನೇ ಅನಿಸುತ್ತದೆ. ಆದರೆ ಡೆಸಿಬಲ್ ಲೆಕ್ಕ ಸ್ಕೇಲಿನ ಸೆಂಟಿಮೀಟರ್ ಹಾಗಲ್ಲ. ಪ್ರತಿ 3 ಡೆಸಿಬಲ್‌ಗೆ ಕಿವಿಯೊಳಗೆ ಹೋಗುವ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. 75ಕ್ಕೆ ವಾರಕ್ಕೆ 40 ಗಂಟೆ ಆದರೆ 78ಕ್ಕೆ 20, 81ಕ್ಕೆ 10, 84ಕ್ಕೆ ಬರೀ 5 ಗಂಟೆ. 85ಕ್ಕೆ ಸರಿಯಾಗಿ 4 ಗಂಟೆ. ವಾರಕ್ಕೆ! ದಿನಕ್ಕೆ ಎರಡು ಗಂಟೆ ಪಾಠ ಕೇಳುವ ಮಗು ಸೋಮವಾರ, ಮಂಗಳವಾರಕ್ಕೇ ಇಡೀ ವಾರದ ಪಾಲು ಮುಗಿಸಿರುತ್ತದೆ.

ಇನ್ನು ಫೋನ್‌ಗಳು. ಯುರೋಪಿನ ಮಾನದಂಡದಲ್ಲೇ ಗರಿಷ್ಠ 100 ಡೆಸಿಬಲ್‌ವರೆಗೆ ಬಿಡುತ್ತಾರೆ. ಮಕ್ಕಳ ಲೆಕ್ಕದಲ್ಲಿ ಅದು ವಾರಕ್ಕೆ 8 ನಿಮಿಷವೂ ಆಗುವುದಿಲ್ಲ. ಎರಡು ಹಾಡು ಮುಗಿಯುವಷ್ಟು ಹೊತ್ತು.

ಮೂರುದಾರಿ

ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಸರ್. ಆದರೂ ಒಂದು ಅನುಮಾನ. ಹಾಗಿದ್ದರೆ ವಾಕ್‌ಮನ್ ಕೇಳಿದ ನಮಗೆಲ್ಲಾ ಏನೂ ಆಗಲಿಲ್ಲವಲ್ಲ?

ಶಬ್ದದಂಗಡಿ

ಕ್ಯಾಸೆಟ್ ಮುಗಿಯುತ್ತಿತ್ತು, ಸೆಲ್ ಮುಗಿಯುತ್ತಿತ್ತು. ಈಗ ಎರಡೂ ಮುಗಿಯುವುದಿಲ್ಲ. ಒಂದು ವಿಡಿಯೋ ಆದಮೇಲೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಕಿವಿಗೆ ಸಿಗುತ್ತಿದ್ದ ಬಿಡುವೇ ಹೋಯಿತು. ಮತ್ತೆ, ನಮ್ಮ ಕಿವಿ ಚೆನ್ನಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಪರೀಕ್ಷೆ ಮಾಡಿಸಿದವರು ಎಷ್ಟು ಜನ? ನಾನು ಮಾಡಿಸಿದ್ದೇನೆ. ನನ್ನ ಬಲಗಿವಿಯ ಗ್ರಾಫಿನಲ್ಲಿ 4000 ಹರ್ಟ್ಸ್ ಹತ್ತಿರ ಒಂದು ತಗ್ಗಿದೆ, ಅಂದರೆ ಅಲ್ಲಿಯ ತೀಕ್ಷ್ಣ ದನಿಗಳು ಆ ಕಿವಿಗೆ ಮಂದ. ಇಪ್ಪತ್ತರ ಹರೆಯದಲ್ಲಿ ನಾನೇ ತೋಡಿಕೊಂಡ ಗುಂಡಿ ಅದು.

ಕಿವಿಮಾತು

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವವಳು. ಎರಡುಜಡೆ ಅವರೇ, ನಿಮ್ಮ ಬರಹದಲ್ಲಿ ನನ್ನನ್ನು ನಿಲ್ಲಿಸಿದ್ದು ಆ ಜಡೆಯ ಮಾತು. ಹಿಂದಿನಿಂದ ಕೇಳಿಸಲಿಲ್ಲ, ಮುಖ ನೋಡಿದಾಗ ಕೇಳಿಸಿತು. ಅಂದರೆ ಮಗು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರಬಹುದು. ಹೆಡ್‌ಫೋನ್ ವಿಚಾರ ಆಮೇಲೆ ನೋಡೋಣ. ಮೊದಲು ಈ ವಾರವೇ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ನೋವಾಗುವಂಥದ್ದು ಏನೂ ಇಲ್ಲ. ಸಣ್ಣ ಸದ್ದು ಕೇಳಿಸಿದಾಗ ಮಗು ಗುಂಡಿ ಒತ್ತಬೇಕು ಅಥವಾ ಕೈ ಎತ್ತಬೇಕು, ಅಷ್ಟೇ.

ಇನ್ನೊಂದು ಮಾತು. ಮಗು ವಾಲ್ಯೂಮ್ ಜೋರು ಮಾಡಿದ್ದರಿಂದಲೇ ಕಿವಿ ಮಂದವಾಗಿದೆ ಅಂತ ಈಗಲೇ ತೀರ್ಮಾನ ಬೇಡ. ತಿರುಗಿಸಿಯೂ ನೋಡಿ. ಕಿವಿ ಮಂದವಾಗಿದ್ದರಿಂದ ಜೋರು ಮಾಡಿಕೊಂಡಿರಬಹುದಲ್ವಾ? ನನ್ನ ಹತ್ತಿರ ಬರುವ ಸಣ್ಣ ಮಕ್ಕಳಲ್ಲಿ ಇದು ಜಾಸ್ತಿ. ಶೀತವಾದಮೇಲೆ ಕಿವಿ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ. ಇಯರ್‌ಬಡ್ ಹಾಕುವವರಲ್ಲಿ ಅದು ಇನ್ನೂ ಒಳಕ್ಕೆ ತಳ್ಳಿಕೊಂಡು ಹೋಗಿರುತ್ತದೆ. ದಯವಿಟ್ಟು ಹತ್ತಿ ಕಡ್ಡಿ ಹಾಕಿ ನೀವೇ ತೆಗೆಯಲು ಹೋಗಬೇಡಿ.

ಬಯ್ಯಬೇಡಿ. ಬಯ್ದರೆ ಮಗು ಕದ್ದು ಕೇಳುತ್ತದೆ, "ಕೇಳಿಸುತ್ತಿಲ್ಲ" ಅಂತ ಹೇಳುವುದನ್ನೂ ನಿಲ್ಲಿಸುತ್ತದೆ. ನನಗೆ ತುಂಬಾ ಸಂಕಟವಾಗುವುದು ಅಂಥ ಮಕ್ಕಳನ್ನು ನೋಡಿದಾಗಲೇ.

ಕೊನೇಬೆಂಚು

ನನಗೀಗ 19. ನನ್ನ ಕಥೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹೈಸ್ಕೂಲಿನಿಂದ ಇಯರ್‌ಬಡ್ ಹಾಕಿಕೊಂಡೇ ಮಲಗುತ್ತಿದ್ದೆ. ರಾತ್ರಿಯೆಲ್ಲಾ ಹಾಡು. ಹಗಲು ಗೇಮ್, ಅದರಲ್ಲಿ ಗುಂಡಿನ ಸದ್ದು, ಬಾಂಬಿನ ಸದ್ದು. ಆಡಿ ಎದ್ದಮೇಲೆ ಕೆಲವೊಮ್ಮೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಹೋಗುತ್ತಿತ್ತು. ಹೋಗುತ್ತಿತ್ತಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ.

ಒಂದು ದಿನ ಹೋಗಲಿಲ್ಲ. ಆಗಿನಿಂದ ಎರಡು ವರ್ಷವಾಯಿತು. ಎಡಗಿವಿಯಲ್ಲಿ ಸಣ್ಣಗೆ, ಹಳೇ ಟಿವಿ ಆನ್ ಮಾಡಿದಾಗ ಬರುತ್ತಿತ್ತಲ್ಲ, ಆ ಥರ ಕುಂಯ್ ಅನ್ನುವ ಸದ್ದು. ಹಗಲು ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅದೊಂದೇ. ಮೊದಲ ಕೆಲವು ವಾರ ದಿಂಬು ಕಿವಿಗೆ ಒತ್ತಿಕೊಂಡು ಅತ್ತಿದ್ದೇನೆ. ಒತ್ತಿದಷ್ಟೂ ಜೋರಾಗಿ ಕೇಳುತ್ತಿತ್ತು. ಈಗ ಫ್ಯಾನ್ ಹಾಕಿಕೊಂಡು ಮಲಗುತ್ತೇನೆ, ಆ ಸದ್ದಿನಲ್ಲಿ ಇದು ಸ್ವಲ್ಪ ಮುಳುಗುತ್ತದೆ.

ಕಿವಿ ಪರೀಕ್ಷೆಯಲ್ಲಿ "ನಾರ್ಮಲ್" ಅಂತಲೇ ಬಂತು. ಅದು ಹೇಗೆ ಅಂತ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಕಿವಿಮಾತು

ಕೊನೇಬೆಂಚು, ಇದನ್ನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು ತಮ್ಮಾ. ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿದ ಒಂದು ಪುಟ್ಟ ನಾಳವಿದೆ. ಅದರೊಳಗೆ ಕೂದಲಿನಂಥ ಎಳೆಗಳನ್ನು ಹೊತ್ತ ಸುಮಾರು 15 ಸಾವಿರ ಜೀವಕೋಶಗಳು ಸಾಲಾಗಿ ನಿಂತಿವೆ. ಶಬ್ದ ಬಂದಾಗ ಆ ಎಳೆಗಳು ಗಾಳಿಗೆ ಪೈರು ಬಾಗಿದ ಹಾಗೆ ಬಾಗುತ್ತವೆ, ಆ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಸ್ವಲ್ಪ ಹೊತ್ತು ಜೋರು ಗಾಳಿ ಬೀಸಿದರೆ ಪೈರು ಬಾಗಿ ಮತ್ತೆ ಏಳುತ್ತದೆ. ಬೀಸುತ್ತಲೇ ಇದ್ದರೆ ಮಲಗಿಬಿಡುತ್ತದೆ. ಪೈರನ್ನಾದರೂ ಮರುವರ್ಷ ಬಿತ್ತಬಹುದು. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗ ತಂದಷ್ಟೇ ನಮ್ಮ ಬಂಡವಾಳ.

ಪರೀಕ್ಷೆ ನಾರ್ಮಲ್ ಬಂದದ್ದು ಯಾಕೆ ಅನ್ನುವುದಕ್ಕೆ ಒಂದು ಸುಳಿವಿದೆ. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಅನ್ನುವ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಸಂಗತಿ ತೋರಿಸಿದರು. ಜೋರು ಶಬ್ದದ ನಂತರ ಇಲಿಗಳ ಕಿವಿ ಕೆಲವು ದಿನದಲ್ಲಿ ಮೊದಲಿನ ಹಾಗೇ ಆಯಿತು, ಕೂದಲು ಕೋಶಗಳೂ ಉಳಿದಿದ್ದವು. ಆದರೆ ಕೋಶ ಮತ್ತು ನರ ಸೇರುವ ಜಾಗದ ಕೊಂಡಿಗಳು ಬಹಳಷ್ಟು ಕಳಚಿಹೋಗಿದ್ದವು. ಇಂಥ ಹಾನಿ ಮಾಮೂಲಿ ಕಿವಿ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಮನುಷ್ಯರಲ್ಲೂ ಹೀಗೆ ಆಗುತ್ತದಾ ಅಂತ ಇನ್ನೂ ಹುಡುಕುತ್ತಿದ್ದಾರೆ. ಅದಕ್ಕೇ ಗುಂಯ್ ಅಂದು ನಿಂತುಹೋದರೆ "ಸರಿಯಾಯಿತು" ಅಂತ ನಾನು ಹೇಳುವುದಿಲ್ಲ. ಯಾವ ಮಗುವಾದರೂ "ಕಿವಿಯಲ್ಲಿ ಸದ್ದು" ಅಥವಾ "ಕಿವಿ ಮುಚ್ಚಿದ ಹಾಗಿದೆ" ಅಂದರೆ ಅವತ್ತು ಹೆಡ್‌ಫೋನ್ ಬೇಡ, ಗಲಾಟೆಯ ಜಾಗವೂ ಬೇಡ. ಮರುದಿನವೂ ಇದ್ದರೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ ಮಾತ್ರ ಮರುದಿನದವರೆಗೂ ಕಾಯಬೇಡಿ. ಅದಕ್ಕೆ ಔಷಧ ಬೇಗ ಶುರುವಾಗಬೇಕು.

ಹಳೇಮಗ್ಗ

ನಾನು ಮೊಮ್ಮಕ್ಕಳಿರುವ ಮನುಷ್ಯ. ಮೂವತ್ತು ವರ್ಷ ಮಿಲ್ಲಿನಲ್ಲಿ ಮಗ್ಗದ ಪಕ್ಕ ನಿಂತವನು. ಕಿವಿಗೆ ಏನೂ ಹಾಕದೆ ನಿಂತೆ, ಆಗ ಹೇಳುವವರೂ ಇರಲಿಲ್ಲ. ಈಗ ಎರಡೂ ಕಿವಿಗೆ ಮಿಷನ್.

ಕಿವುಡು ಅಂದರೆ ಸದ್ದು ಸಣ್ಣದಾಗುವುದು ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲಪ್ಪಾ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಸಾಲು", "ಹಾಲು", "ಕಾಲು" ಮೂರೂ ನನಗೆ "ಆಲು". ದಪ್ಪ ಸ್ವರಗಳು ಉಳಿದವು, ಸ, ಶ, ತ, ಕ ಎಲ್ಲ ಉದುರಿಹೋದವು. ನಾಲ್ಕು ಜನ ಕೂತು ಮಾತಾಡಿ ನಕ್ಕಾಗ ನಾನೂ ನಗುತ್ತೇನೆ, ಯಾಕೆ ಅಂತ ತಿಳಿಯದೆ.

ಮೊಮ್ಮಗಳು ಇಯರ್‌ಬಡ್ ಹಾಕಿಕೊಂಡು ಓಡಾಡುವುದು ನೋಡಿ ಒಂದು ದಿನ ನನ್ನ ಮಿಷನ್ ತೆಗೆದು ಅವಳ ಕೈಯಲ್ಲಿಟ್ಟೆ. ಎರಡೂ ಒಂದೇ ಗಾತ್ರ. ಅವಳು ತನ್ನದನ್ನೂ ಪಕ್ಕದಲ್ಲಿ ಇಟ್ಟು ನೋಡುತ್ತಾ ಕೂತಳು. ನಾನೇನೂ ಹೇಳಲಿಲ್ಲ.

ಸೀಮೆಸುಣ್ಣ

ತಾತ, ನಿಮ್ಮ ಮಾತು ಓದಿ ಗಂಟಲು ಕಟ್ಟಿತು.

ನಾನು ಪ್ರಾಥಮಿಕ ಶಾಲೆಯ ಟೀಚರ್. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೂವತ್ತು ಮಕ್ಕಳು, ಮೂವತ್ತು ಹೆಡ್‌ಫೋನ್. ಕ್ಲಾಸು ಶುರುವಾದಾಗ ಎಲ್ಲರೂ ಸಾಧಾರಣ ವಾಲ್ಯೂಮ್‌ನಲ್ಲೇ ಇರುತ್ತಾರೆ. ಯಾರೋ ಒಬ್ಬ ಜೋರಾಗಿ ಮಾತಾಡುತ್ತಾನೆ, ಯಾಕೆಂದರೆ ಹೆಡ್‌ಫೋನ್ ಹಾಕಿದವನಿಗೆ ತನ್ನ ದನಿ ತನಗೆ ತಿಳಿಯುವುದಿಲ್ಲ. ಪಕ್ಕದವನು ಎರಡು ಗೆರೆ ಏರಿಸುತ್ತಾನೆ. ಅವನೂ ಈಗ ಕೂಗಿ ಮಾತಾಡುತ್ತಾನೆ. ಹತ್ತು ನಿಮಿಷಕ್ಕೆ ಇಡೀ ಕೋಣೆ ಏರಿರುತ್ತದೆ.

ವಾಲ್ಯೂಮ್ ಇಳಿಸಿ, ಇಳಿಸಿ ಅಂತ ಒಂದು ತಿಂಗಳು ಕೂಗಿದೆ. ಏನೂ ಆಗಲಿಲ್ಲ. ಆಮೇಲೆ ಬೇರೆ ದಾರಿ ನೋಡಿದೆ. ಹಾಲ್‌ನ ಕಡೆಯ ಬಾಗಿಲು ಮುಚ್ಚಿದೆ, ಗಡಗಡ ಅನ್ನುತ್ತಿದ್ದ ಹಳೇ ಫ್ಯಾನ್ ರಿಪೇರಿ ಮಾಡಿಸಿದೆ, ಕುರ್ಚಿ ಕಾಲಿಗೆ ಬಟ್ಟೆ ಸುತ್ತಿಸಿದೆ, ಮಾತಾಡಬೇಕಾದರೆ ಮೊದಲು ಹೆಡ್‌ಫೋನ್ ಕೆಳಗೆ ಇಡಬೇಕು ಅಂತ ನಿಯಮ ಮಾಡಿದೆ. ಸುತ್ತ ಸದ್ದು ಕಡಿಮೆಯಾದಾಗ ಮಕ್ಕಳು ತಾವಾಗಿಯೇ ಇಳಿಸಿದರು. ಯಾರೂ ಹೇಳಬೇಕಾಗಲಿಲ್ಲ.

ಶಬ್ದದಂಗಡಿ

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ಮಗು ವಾಲ್ಯೂಮ್ ಏರಿಸುವುದು ಹಾಡಿಗಾಗಿ ಅಲ್ಲ, ಸುತ್ತಲಿನ ಸದ್ದನ್ನು ಮುಚ್ಚುವುದಕ್ಕೆ. ಬಸ್ಸಿನಲ್ಲಿ, ವಿಮಾನದಲ್ಲಿ ಸುತ್ತಲೇ 80 ಡೆಸಿಬಲ್ ಆಸುಪಾಸು ಇರುತ್ತದೆ. ಅದರ ಮೇಲೆ ಮಾತು ಕೇಳಬೇಕಾದರೆ ಇನ್ನೂ ಏರಿಸಲೇಬೇಕು. ಮನೆಯಲ್ಲಿ ಅಳತೆ ಮಾಡಿ ಇಟ್ಟುಕೊಂಡ ವಾಲ್ಯೂಮ್ ಬಸ್ ಹತ್ತಿದ ಕೂಡಲೇ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಹೆಡ್‌ಫೋನ್ ಆರಿಸುವಾಗ 85ರ ಚೀಟಿಗಿಂತ ಮೊದಲು ಮೆತ್ತೆ ನೋಡಿ. ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ, ಸುತ್ತ ಸರಿಯಾಗಿ ಕೂರುವ ಮೆತ್ತೆ ಇದ್ದರೆ ಹೊರಗಿನ ಸದ್ದು ತಗ್ಗುತ್ತದೆ, ಕಡಿಮೆ ವಾಲ್ಯೂಮ್ ಸಾಕಾಗುತ್ತದೆ. ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ತಾನೇ ಅಡಗಿಸುವ ವ್ಯವಸ್ಥೆ, ಇರುವುದು ಬಸ್, ವಿಮಾನದ ಗುಂಯ್‌ಗುಡುವ ಸದ್ದಿಗೆ ಒಳ್ಳೆಯದು. ಆದರೆ ರಸ್ತೆಯಲ್ಲಿ ನಡೆಯುವಾಗ, ಸೈಕಲ್ ಮೇಲೆ ಖಂಡಿತ ಬೇಡ. ಹಾರ್ನ್ ಕೇಳಿಸಬೇಕು.

ಮಕ್ಕಳ ಹೆಡ್‌ಫೋನ್‌ನಲ್ಲಿ ಶಬ್ದ ಮಿತಿ ಮೀರದ ಹಾಗೆ ಇಡುವ ತಡೆ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ. ಕೆಲವದರಲ್ಲಿ ಆ ತಡೆ ಇರುವುದೇ ವೈರಿನಲ್ಲಿ. ಜೊತೆಗೆ ಬಂದ ವೈರ್ ಹಾಳಾಗಿ ಬೇರೆ ವೈರ್ ಹಾಕಿದಿರೋ, ತಡೆ ಹೋಯಿತು. ಇನ್ನು ಕೆಲವು ಒಂದು ಮಟ್ಟದ ಸಿಗ್ನಲ್ ಬರುತ್ತದೆ ಅಂತ ಅಂದಾಜು ಮಾಡಿ ತಯಾರಾದವು. ಅದಕ್ಕಿಂತ ಜೋರಾಗಿ ಕೊಡುವ ಕಂಪ್ಯೂಟರಿಗೋ ಗೇಮ್ ಯಂತ್ರಕ್ಕೋ ಚುಚ್ಚಿದರೆ 85 ದಾಟುತ್ತದೆ. ಎರಡುಜಡೆ ಅವರೇ, ನಿಮ್ಮದರ ವೈರ್ ಬದಲಾಯಿಸಿದ್ದೀರಾ?

ಮೂಳೆಯ ಮೂಲಕ ಕೇಳಿಸುವ ಹೆಡ್‌ಫೋನ್ ಸುರಕ್ಷಿತ ಅಂತ ಕೆಲವರು ನಂಬಿದ್ದಾರೆ. ಕಿವಿ ತಮಟೆಯನ್ನು ಬಿಟ್ಟು ಹೋದರೂ ಶಬ್ದ ಕೊನೆಗೆ ಸೇರುವುದು ಅದೇ ಒಳಗಿವಿಯ ಕೋಶಗಳಿಗೇ. ಜೋರಿದ್ದರೆ ಅದೂ ಜೋರೇ.

ಸೆಟ್ಟಿಂಗ್ ವಿಚಾರ. ಐಫೋನ್, ಐಪ್ಯಾಡ್‌ನಲ್ಲಿ ಹೆಡ್‌ಫೋನ್ ಸೇಫ್ಟಿ ಅನ್ನುವ ಕಡೆ ಹೋದರೆ ಜೋರು ಶಬ್ದ ತಗ್ಗಿಸುವ ಗೆರೆ ಸಿಗುತ್ತದೆ, ಅದನ್ನು 75ಕ್ಕೆ ಎಳೆಯಬಹುದು. ಮಗು ಬದಲಿಸದ ಹಾಗೆ ಸ್ಕ್ರೀನ್ ಟೈಮ್‌ನಲ್ಲಿ ಬೀಗ ಹಾಕಬಹುದು. ಸ್ಯಾಮ್‌ಸಂಗ್‌ನಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇದೆ, ಪಿನ್ ಇಡಬಹುದು. ಬೇರೆ ಫೋನ್‌ಗಳಲ್ಲಿ ಸೌಂಡ್ ಸೆಟ್ಟಿಂಗ್ ಒಳಗೆ ಹುಡುಕಿ. ಫೋನಿನ ಡೆಸಿಬಲ್ ಆ್ಯಪನ್ನು ಹೆಡ್‌ಫೋನ್ ಹತ್ತಿರ ಹಿಡಿದು ಅಳೆಯಲು ಹೋಗಬೇಡಿ. ಮುಚ್ಚಿದ ಕಿವಿಯೊಳಗೆ ಆಗುವ ಒತ್ತಡವೇ ಬೇರೆ, ಅಲ್ಲಿ ಸಿಗುವ ಅಂಕಿಯೇ ಬೇರೆ.

ಎರಡುಜಡೆ

ವೈರ್! ಹೌದು ಸರ್. ನಾಲ್ಕು ತಿಂಗಳ ಹಿಂದೆ ಕೈಕೂಸು ಹಳೇ ವೈರ್ ಕಚ್ಚಿ ಹಾಳು ಮಾಡಿತ್ತು. ಮನೆಯಲ್ಲಿ ಬಿದ್ದಿದ್ದ ಬೇರೊಂದು ಚುಚ್ಚಿಕೊಟ್ಟಿದ್ದೆ. ಇವತ್ತೇ ತೆಗೆದಿಟ್ಟೆ.

ನಿನ್ನೆ ಪರೀಕ್ಷೆಯೂ ಆಯಿತು. ಗಾಜಿನ ಕಿಟಕಿ ಇರುವ ಪುಟ್ಟ ಕೋಣೆಯಲ್ಲಿ ಅವಳನ್ನು ಕೂರಿಸಿದರು. ನಾನು ಈಚೆ ನಿಂತಿದ್ದೆ. ಸದ್ದು ಬಂದಾಗ ಗುಂಡಿ ಒತ್ತಬೇಕು. ಅವರು ಸದ್ದು ಕೊಡುತ್ತಿರುವುದು ನನಗೆ ಕಾಣಿಸುತ್ತಿತ್ತು, ಅವಳ ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ. ಒಂದೊಂದು ಸಲವೂ ನನ್ನ ಎದೆ ಕುಸಿಯುತ್ತಿತ್ತು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಗುಂಡಿಯಂಥದ್ದೊಂದು ಒತ್ತಿಟ್ಟು ಮತ್ತೆ ಶುರು ಮಾಡಿದರು. ಆಗ ಟಕ್, ಟಕ್, ಟಕ್ ಅಂತ ಒತ್ತುತ್ತಾ ಹೋದಳು.

ಎರಡೂ ಕಿವಿಯಲ್ಲಿ ಸುಮಾರು 30 ಡೆಸಿಬಲ್ ಕಡಿಮೆ. ಆದರೆ ಒಳಗಿವಿ ಚೆನ್ನಾಗಿದೆಯಂತೆ. ತಮಟೆಯ ಹಿಂದೆ ನೀರು ನಿಂತಿದೆ. ಕಿವಿಗೆ ಗಾಳಿ ಒತ್ತಿ ನೋಡುವ ಪರೀಕ್ಷೆಯಲ್ಲಿ ಗುಡ್ಡದ ಹಾಗೆ ಬರಬೇಕಾದ ಗೆರೆ ಚಪ್ಪಟೆಯಾಗಿ ಬಂತು. ಮೂರು ತಿಂಗಳು ಕಾದು ನೋಡೋಣ, ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಇಂಗುತ್ತದೆ ಅಂದರು. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಹೇಳಿದ್ದಾರೆ.

ಇಷ್ಟು ದಿನ "ಗಮನ ಎಲ್ಲಿದೆ ನಿಂಗೆ" ಅಂತ ಎಷ್ಟು ಸಲ ಗದರಿದ್ದೇನೋ. ಪಾಪ ಮಗು.

ಕಿವಿಮಾತು ಮೇಡಂ, ಹಾಗಾದರೆ ಹೆಡ್‌ಫೋನ್‌ನಿಂದ ತೊಂದರೆ ಆಗಿಲ್ಲ ಅಂತಾನಾ?

ಕಿವಿಮಾತು

ಒಳಗಿವಿ ಚೆನ್ನಾಗಿದೆ ಅಂತ ಓದಿ ನಿಜಕ್ಕೂ ಖುಷಿಯಾಯಿತು.

ಈಗಲೇ ಎಚ್ಚರ ಜಾಸ್ತಿ ಬೇಕು. ನೀರು ನಿಂತಿರುವಾಗ ಅದು ಒಂಥರಾ ಪರದೆ. ಹೆಡ್‌ಫೋನ್ ಕೊಡುವ ಜೋರು ಶಬ್ದದಲ್ಲಿ ಒಂದಷ್ಟು ಅಲ್ಲೇ ನಿಲ್ಲುತ್ತದೆ. ಮಗು ಅದಕ್ಕೆ ತಕ್ಕ ಹಾಗೆ ಏರಿಸಿಕೊಂಡಿದೆ. ನಾಳೆ ನೀರು ಇಂಗುತ್ತದೆ, ಪರದೆ ಸರಿಯುತ್ತದೆ, ಆದರೆ ವಾಲ್ಯೂಮ್ ಅಲ್ಲೇ ಇರುತ್ತದೆ. ಕೈಗೆ ಅಭ್ಯಾಸವಾಗಿಬಿಟ್ಟಿರುತ್ತದಲ್ವಾ? ಆ ಪೂರ್ತಿ ಶಬ್ದ ಒಳಗೆ ಹೋಗುವುದು ಆಗ. ಆದ್ದರಿಂದ ಈ ಮೂರು ತಿಂಗಳು ಪಾಠ, ಕಥೆ ಸ್ಪೀಕರಿನಲ್ಲೇ ಕೇಳಲಿ, ಅವಳ ಹತ್ತಿರ ಇಟ್ಟು. ಕೂಸು ಮಲಗುವುದು ಇನ್ನೊಂದು ಕೋಣೆಯಲ್ಲಾಗಲಿ.

ಆಮೇಲೆ ಹೆಡ್‌ಫೋನ್ ಕೊಡುವಾಗ ಶಾಂತ ಕೋಣೆಯಲ್ಲಿ ಸೊನ್ನೆಯಿಂದ ಮೇಲಕ್ಕೆ ಏರಿಸಿ. ಮೇಲಿನಿಂದ ಕೆಳಗೆ ಇಳಿಸುತ್ತಾ ಬಂದರೆ ಯಾವಾಗಲೂ ಜಾಸ್ತಿಯಲ್ಲೇ ನಿಲ್ಲುತ್ತೇವೆ. ಮಾತು ಸ್ಪಷ್ಟವಾಗಿ ತಿಳಿದ ಕಡೆ ನಿಲ್ಲಿಸಿ, ಅವಳ ಕೈಯಲ್ಲೇ ಗುರುತು ಹಾಕಿಸಿ. ಒಂದು ತೋಳಿನಷ್ಟು ದೂರದಲ್ಲಿ ನೀವು ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆದರೆ ಅವಳು ತಿರುಗಿ ನೋಡಬೇಕು.

ಮೂರುದಾರಿ

ನಾನು ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಕ್ಕ. "ಗಾಬರಿಯಾಗಬೇಡಿ" ಅಂತ ನಾನು ಹೇಳಿದ್ದನ್ನು ನಂಬಿ ನೀವು ಸುಮ್ನೆ ಇದ್ದಿದ್ದರೆ?

ನಿನ್ನೆ ಮಗನನ್ನು ತೋಳಿನಷ್ಟು ದೂರದಿಂದ ಕರೆದೆ. ಗೇಮ್ ಆಡುತ್ತಿದ್ದ. ಮೂರು ಸಲ ಕರೆದರೂ ತಿರುಗಲಿಲ್ಲ. ಪಕ್ಕ ಕೂತು ಡೆಸಿಬಲ್ ಲೆಕ್ಕ ಬರೆದು ತೋರಿಸಿದೆ. ಅವನಿಗೆ 13. ಬಯ್ಗುಳಕ್ಕೆ ಕಿವಿಗೊಡದವನು ಲೆಕ್ಕಕ್ಕೆ ಕೊಟ್ಟ. "3ಕ್ಕೆ ಅರ್ಧ ಅಂದರೆ, ನಾನು 6 ಇಳಿಸಿದರೆ ನಾಲ್ಕರಷ್ಟು ಹೊತ್ತು ಆಡಬಹುದಾ?" ಅಂತ ಕೇಳಿದ. ಕಿವಿಯ ಮಟ್ಟಿಗೆ ಹೌದು ಅಂದೆ. ಗೇಮ್‌ನೊಳಗೇ ಗುಂಡಿನ ಸದ್ದು ಮಾತ್ರ ಬೇರೆ ಇಳಿಸಿಕೊಂಡ, ಗೆಳೆಯರ ದನಿ ಹಾಗೇ ಉಳಿಸಿಕೊಂಡ. ಹಾಗೆ ಮಾಡಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೊನೇಬೆಂಚು

ಆ ಹುಡುಗನಿಗೆ ಮಲಗುವಾಗ ಹಾಕಿಕೊಳ್ಳಬೇಡ ಅಂತಲೂ ಹೇಳಿ ಅಂಕಲ್. ನಿದ್ದೆಯಲ್ಲಿ ಯಾರೂ ಇಳಿಸುವುದಿಲ್ಲ.

ಎರಡುಜಡೆ

ಮೂರು ತಿಂಗಳಾಯಿತು. ಇವತ್ತು ಮರುಪರೀಕ್ಷೆ ಮುಗಿಸಿ ಬಂದೆವು. ಬಲಗಿವಿ ಪೂರ್ತಿ ಸರಿಹೋಗಿದೆ, ಗೆರೆ ಗುಡ್ಡದ ಹಾಗೇ ಬಂತು. ಎಡಗಿವಿಯಲ್ಲಿ ಇನ್ನೂ ಸ್ವಲ್ಪ ನೀರಿದೆ, ಮತ್ತೆ ಬರಲು ಹೇಳಿದ್ದಾರೆ.

ಹೋದ ವಾರ ಜಡೆ ಹಾಕುವಾಗ ಹಿಂದಿನಿಂದ ಮೆಲ್ಲಗೆ, ಬೇಕೆಂದೇ ಪಿಸುದನಿಯಲ್ಲಿ, "ಯಾವ ರಿಬ್ಬನ್ನು?" ಅಂದೆ. "ನೀಲಿ" ಅಂದಳು. ನನ್ನ ಕೈ ಅಲ್ಲೇ ನಿಂತಿತು. "ಯಾಕಮ್ಮಾ ಎಳೀತಿದ್ದೀಯ?" ಅಂತ ಕೇಳಿದಳು.

ಹೆಡ್‌ಫೋನ್ ಇನ್ನೂ ಕೊಟ್ಟಿಲ್ಲ. ಸ್ಪೀಕರ್ ಅಭ್ಯಾಸವಾದಮೇಲೆ ಇನ್ನೊಂದು ಸಂಗತಿ ಆಗಿದೆ. ಅವಳ ಕಥೆಗಳನ್ನು ಈಗ ಕೂಸೂ ಕೇಳುತ್ತದೆ, ಗಂಟೆಯ ಸದ್ದು ಬರುವ ಕಡೆ ಕೈ ತಟ್ಟುತ್ತದೆ. ಮುಂದಿನ ತಿಂಗಳು ದೂರ ಪ್ರಯಾಣವಿದೆ, ಬಸ್ಸಿನಲ್ಲಿ ಎಂಟು ಗಂಟೆ. ಎಡಗಿವಿ ಹೀಗಿರುವಾಗ ಮೆತ್ತೆ ಇರುವ ಹೆಡ್‌ಫೋನ್ ಸ್ವಲ್ಪ ಹೊತ್ತು ಕೊಡಬಹುದಾ, ಕಿವಿಮಾತು ಮೇಡಂ? ಕೊಡಬಹುದು ಅಂದರೆ ಹೊರಡುವ ಮೊದಲೇ ಮನೆಯಲ್ಲಿ ಗುರುತು ಹಾಕಿಸುತ್ತೇನೆ. ಅದಕ್ಕೆ ಅಂಟಿಸಲು ಅವಳು ಈಗಲೇ ಒಂದು ಕೆಂಪು ಸ್ಟಿಕರ್ ತೆಗೆದಿಟ್ಟುಕೊಂಡಿದ್ದಾಳೆ.